ಪಂಪ್ ದುರಸ್ತಿಯಾದ ಮೇಲೂ ಲಾರಿ ಸರಿಯಾಗದಿದ್ದರೆ: ದೋಷ ಹುಡುಕುವ ಕ್ರಮ ಮತ್ತು ಮಾಲೀಕರ ಲೆಕ್ಕ

ರೋಣ, ನರಗುಂದ ಮತ್ತು ಗಜೇಂದ್ರಗಡ ಈ ಮೂರೂ ಪಟ್ಟಣಗಳಿಗೆ ರೈಲು ನಿಲ್ದಾಣವಿಲ್ಲ. ಗದಗ–ಹೊಟಗಿ ಮಾರ್ಗವು ರೋಣ ತಾಲ್ಲೂಕಿನ ಹೊಳೆಆಲೂರನ್ನು ಮುಟ್ಟಿ ಹೋಗುತ್ತದೆಯಾದರೂ ನಮ್ಮ ದಿನನಿತ್ಯದ ಸರಕು ಸಾಗುವುದು ರಸ್ತೆಯ ಮೇಲೆಯೇ. ಮುಂಗಾರಿನ ಹೆಸರು, ಈರುಳ್ಳಿ, ಹಿಂಗಾರಿನ ಕಡಲೆ, ಜೋಳ, ಮಲಪ್ರಭಾ ಕಾಲುವೆಯ ಕೆಳಗಿನ ಗೋವಿನಜೋಳ, ಎರೆಭೂಮಿಯ ಹತ್ತಿ, ಗಜೇಂದ್ರಗಡದ ಮಗ್ಗದ ಸೀರೆ ಎಲ್ಲವೂ ಹುಬ್ಬಳ್ಳಿಯ ಅಮರಗೋಳಕ್ಕೋ ಬೆಂಗಳೂರಿನ ಯಶವಂತಪುರಕ್ಕೋ ತಲುಪಬೇಕಾದರೆ ಲಾರಿಯೇ ಗತಿ. ಆದ್ದರಿಂದ ಲಾರಿಯ ಎಂಜಿನ್ನಿನ ದೋಷವೆಂಬುದು ಸಾಗಣೆದಾರರೊಬ್ಬರ ತಾಪತ್ರಯ ಮಾತ್ರವಲ್ಲ. ಅಡತಿ ಅಂಗಡಿಯವರಿಂದ ಹಿಡಿದು ದಾಲ್ ಮಿಲ್ಲಿನವರವರೆಗೆ ಎಲ್ಲರ ಲಾಭನಷ್ಟಕ್ಕೂ ಅದು ಸಂಬಂಧಿಸಿದ್ದಾಗಿದೆ.

ಈ ಭಾಗದ ರಸ್ತೆಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಲಾರಿಗಳಲ್ಲಿ ದೊಡ್ಡ ಖರ್ಚಿನ ದುರಸ್ತಿಗಳಲ್ಲೊಂದು ಡೀಸೆಲ್ ಇಂಜೆಕ್ಷನ್ ಪಂಪಿನದು. ಪಂಪನ್ನು ಇಳಿಸಿ, ಪಂಪ್ ರೂಮಿಗೆ ಕಳುಹಿಸಿ, ಎಲಿಮೆಂಟು, ಡೆಲಿವರಿ ವಾಲ್ವ್ ಬದಲಿಸಿ ತಂದು ಕೂಡಿಸಿದ ಮೇಲೂ ಕೆಲವೊಮ್ಮೆ ಎಂಜಿನ್ ಚಾಲೂ ಆಗುವುದಿಲ್ಲ. ಆದರೂ ಹೊಗೆ ಕಾರುತ್ತದೆ, ಇಲ್ಲವೇ ಏರಿನಲ್ಲಿ ಎಳೆಯುವುದಿಲ್ಲ. ಆಗ ಊರಿನ ಮಿಸ್ತ್ರಿಯವರು ಪಂಪಿನ ಕೆಲಸ ಸರಿಯಿಲ್ಲವೆನ್ನುತ್ತಾರೆ. ಪಂಪ್ ರೂಮಿನವರು ಕೂಡಿಸಿದ್ದು ಸರಿಯಿಲ್ಲವೆನ್ನುತ್ತಾರೆ. ಇಬ್ಬರ ನಡುವೆ ಮಾಲೀಕರು ಎರಡು ಬಾರಿ ಹಣ ತೆರುತ್ತಾರೆ. ಲೆಕ್ಕಪರಿಶೋಧಕನಾದ ನಾನು ಪಾನಾ ಹಿಡಿದು ಕೆಲಸ ಮಾಡುವವನಲ್ಲ. ಆದರೆ ದುರಸ್ತಿ ಖಾತೆಯಲ್ಲಿ ಒಂದೇ ಲಾರಿಯ ಹೆಸರಿನಲ್ಲಿ ಹತ್ತಿರ ಹತ್ತಿರದ ತಾರೀಖಿಗೆ ಎರಡು ಪಂಪ್ ಬಿಲ್ಲುಗಳು ಬಿದ್ದಿರುವುದನ್ನು ಕಂಡಾಗ ಕಾರಣ ಕೇಳುವುದು ನನ್ನ ವೃತ್ತಿಧರ್ಮ. ಹಾಗೆ ಕೇಳಿ ತಿಳಿದುಕೊಂಡ ಕ್ರಮವನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸಲಾಗಿದೆ.

ಈ ಕ್ರಮದ ಸಾರ ಇಷ್ಟೇ. ಅಡಾವೆ ಪತ್ರಿಕೆ ತಾಳೆಯಾಗದಿದ್ದಾಗ ನಾವು ಇಡೀ ವರ್ಷದ ಖಾತೆಯನ್ನು ಹೊಸದಾಗಿ ಬರೆಯುವುದಿಲ್ಲ. ಮೊದಲು ಕೂಡಿಕೆ ನೋಡುತ್ತೇವೆ, ಬಳಿಕ ಖತಾವಣಿ, ಬಳಿಕ ರೋಜುಕೀರ್ದಿ. ಎಂಜಿನ್ನಿನಲ್ಲಿಯೂ ಹಾಗೆಯೇ ಖರ್ಚಿಲ್ಲದ ಕಾರಣಗಳನ್ನು ಮೊದಲು, ಖರ್ಚಿನ ಕಾರಣಗಳನ್ನು ಕೊನೆಗೆ ಪರೀಕ್ಷಿಸತಕ್ಕದ್ದು. ಪಂಪನ್ನು ಮತ್ತೆ ಇಳಿಸುವುದು ಕೊನೆಯ ಮೆಟ್ಟಿಲಾಗಬೇಕು.

ಪಂಪಿನ ಕೆಲಸವೇನು?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಉಂಟಾಗುವ ಶಾಖದಲ್ಲಿಯೇ ಡೀಸೆಲ್ ಉರಿಯಬೇಕು. ಸರಿಯಾದ ಕ್ಷಣದಲ್ಲಿ, ಸರಿಯಾದ ಅಳತೆಯಲ್ಲಿ, ಅಧಿಕ ಒತ್ತಡದಲ್ಲಿ ಡೀಸೆಲ್ಲನ್ನು ಪ್ರತಿ ಸಿಲಿಂಡರಿಗೂ ಕಳುಹಿಸುವುದೇ ಪಂಪಿನ ಕೆಲಸ. ರುಡಾಲ್ಫ್ ಡೀಸೆಲ್ ಅವರು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ತೈಲವನ್ನು ಒಳಗೂಡಿಸಲು ಒತ್ತಿದ ಗಾಳಿಯನ್ನು ಬಳಸಲಾಗುತ್ತಿತ್ತು. ಅದರ ಸಲಕರಣೆ ಭಾರವಾದದ್ದರಿಂದ ವಾಹನಗಳಿಗೆ ಅನುಕೂಲವಾಗಿರಲಿಲ್ಲ. ಜರ್ಮನಿಯ ಬಾಷ್ ಸಂಸ್ಥೆಯು 1927ರಲ್ಲಿ ಇಂಜೆಕ್ಷನ್ ಪಂಪುಗಳ ತಯಾರಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದ ನಂತರವೇ ಡೀಸೆಲ್ ಲಾರಿ ವ್ಯಾಪಕವಾಯಿತು.

ಈ ಪಂಪಿನೊಂದಿಗೆ ಕರ್ನಾಟಕಕ್ಕೆ ಹಳೆಯ ನಂಟಿದೆ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಇವುಗಳನ್ನು ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ನಮ್ಮ ಗ್ಯಾರೇಜುಗಳಲ್ಲಿ ಇದು ಇಂದಿಗೂ ಮೈಕೋ ಪಂಪೇ.

ಆರು ಸಿಲಿಂಡರಿನ ಲಾರಿಯ ಇನ್‌ಲೈನ್ ಪಂಪಿನಲ್ಲಿ ಆರು ಎಲಿಮೆಂಟುಗಳು ಸಾಲಾಗಿರುತ್ತವೆ. ಪ್ರತಿ ಎಲಿಮೆಂಟಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗದಷ್ಟು. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಪಂಪ್ ಅದರ ಅರ್ಧ, ಅಂದರೆ 1000 ಸುತ್ತು ತಿರುಗುತ್ತದೆ. ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 1000 ಬಾರಿ ಡೀಸೆಲ್ ಸಿಂಪಡಿಸಲ್ಪಡುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರಕ್ಕೆ ಒಂದು ಚಿಟಿಕೆ ಎರೆಮಣ್ಣಿನ ಧೂಳು, ಒಂದು ಹನಿ ನೀರು ಸಾಕು.

ಪಂಪ್ ಮರಳಿ ಬಂದಾಗ ಕೇಳಬೇಕಾದದ್ದು

ಪಂಪ್ ರೂಮಿನಲ್ಲಿ ದುರಸ್ತಿಯಾದ ಪಂಪನ್ನು ಟೆಸ್ಟ್ ಬೆಂಚಿನ ಮೇಲೆ ತಿರುಗಿಸಿ, ಆರೂ ಎಲಿಮೆಂಟುಗಳು ಬೇರೆ ಬೇರೆ ವೇಗದಲ್ಲಿ ಎಷ್ಟೆಷ್ಟು ತೈಲ ಕೊಡುತ್ತವೆ, ಗವರ್ನರ್ ಯಾವ ವೇಗದಲ್ಲಿ ತೈಲ ಕಡಿಮೆ ಮಾಡುತ್ತದೆ ಎಂಬುದನ್ನು ಅಳೆಯುತ್ತಾರೆ. ಈ ಅಳತೆಗಳ ಲಿಖಿತ ವರದಿಯನ್ನು ಬಿಲ್ಲಿನೊಂದಿಗೆ ಕೇಳಿ ಪಡೆಯತಕ್ಕದ್ದು. ಪಂಪಿನ ಮೇಲಿನ ತಗಡಿನಲ್ಲಿರುವ ಸಂಖ್ಯೆ, ಬದಲಿಸಿದ ಭಾಗಗಳ ಪಟ್ಟಿ, ಹಳೆಯ ಭಾಗಗಳು ಇವೂ ಇರಲಿ. ಅಧಿಕ ತೈಲದ ಸ್ಕ್ರೂವಿಗೆ ಹಾಕಿದ ಸೀಲನ್ನು ಯಾವ ಕಾರಣಕ್ಕೂ ಊರಿನಲ್ಲಿ ಕತ್ತರಿಸಗೊಡಬಾರದು. ಸೀಲ್ ಕತ್ತರಿಸಿದ ಮರುಕ್ಷಣ ಪಂಪ್ ರೂಮಿನವರ ಜವಾಬ್ದಾರಿ ಮುಗಿಯುತ್ತದೆ. ಹೆಚ್ಚು ತೈಲ ಬಿಟ್ಟ ಎಂಜಿನ್ನಿನ ಪಿಸ್ಟನ್ ಸುಡುವ ಅಪಾಯವೂ ಉಂಟು.

ಒಂದನೆಯ ಪರೀಕ್ಷೆ: ಗಾಳಿ

ಪಂಪ್ ಇಳಿಸಿ ಏರಿಸಿದಾಗ ತೈಲದ ಎಲ್ಲ ಪೈಪುಗಳೂ ಬಿಚ್ಚಲ್ಪಟ್ಟಿರುತ್ತವೆ. ಒಳಗೆ ಸೇರಿದ ಗಾಳಿ ಪೂರ್ತಿ ಹೊರಹೋಗದಿದ್ದರೆ ಎಂಜಿನ್ ಚಾಲೂ ಆಗದು, ಆದರೂ ಒಂದೆರಡು ನಿಮಿಷಕ್ಕೆ ನಿಲ್ಲುತ್ತದೆ. ಮಿಸ್ತ್ರಿಗಳ ಮಾತಿನಲ್ಲಿ ಇದು ‘ಏರ್ ಹಿಡಿಯುವುದು’. ಮೊದಲು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಹ್ಯಾಂಡ್ ಪ್ರೈಮರ್ ಒತ್ತುತ್ತ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಹೊರಬಿಡಬೇಕು. ಬಳಿಕ ಪಂಪಿನ ಸ್ಕ್ರೂ, ಕೊನೆಗೆ ನೋಜಲ್ಲುಗಳ ಬಳಿಯ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಯಬೇಕು. ಕೆಲಸ ಮುಗಿದ ಮೇಲೆ ಪ್ರೈಮರಿನ ಗುಂಡಿಯನ್ನು ತಿರುಗಿಸಿ ಬಿಗಿ ಮಾಡಲು ಮರೆಯಬಾರದು.

ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯನ್ನು ಸಂಶಯಿಸಬೇಕು. ಈ ಭಾಗದಲ್ಲಿ ಪೈಪು ಸೀಳಿದ್ದರೆ ಡೀಸೆಲ್ ಹೊರಗೆ ಸೋರುವುದಕ್ಕಿಂತ ಗಾಳಿಯೇ ಒಳಗೆ ಎಳೆಯಲ್ಪಡುತ್ತದೆ. ಆದ್ದರಿಂದ ಕಣ್ಣಿಗೆ ಕಾಣದು. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಶುದ್ಧ ಡೀಸೆಲ್ ತುಂಬಿದ ಡಬ್ಬಿಯೊಂದನ್ನು ಎತ್ತರದಲ್ಲಿಟ್ಟು, ಅದರಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಟ್ಟು ಎಂಜಿನ್ ಓಡಿಸಿ ನೋಡುವುದು. ಆಗ ಎಂಜಿನ್ ಸರಿಯಾಗಿ ಓಡಿದರೆ ದೋಷ ಟ್ಯಾಂಕಿನ ಕಡೆಗಿದೆ, ಪಂಪಿನಲ್ಲಿಲ್ಲ. ಖರ್ಚು ಒಂದು ಡಬ್ಬಿ, ಎರಡು ಮೊಳ ಪೈಪು.

ಎರಡನೆಯ ಪರೀಕ್ಷೆ: ಮರೆತುಹೋದ ಸಣ್ಣ ಭಾಗಗಳು

ಪಂಪಿನಿಂದ ಹೆಚ್ಚುವರಿ ಡೀಸೆಲ್ ಟ್ಯಾಂಕಿಗೆ ಮರಳುವ ಕಡೆ ಓವರ್‌ಫ್ಲೋ ವಾಲ್ವ್ ಇರುತ್ತದೆ. ನೋಡಲು ಅದು ಸಾಮಾನ್ಯ ಬೋಲ್ಟಿನಂತೆಯೇ ಇರುವುದರಿಂದ ಅದರ ಜಾಗದಲ್ಲಿ ಬೇರೆ ಬೋಲ್ಟ್ ಕೂಡಿಸಿಬಿಡುವ ಸಂಭವವುಂಟು. ಆಗ ಪಂಪಿನೊಳಗೆ ಬೇಕಾದ ಒತ್ತಡ ನಿಲ್ಲದೆ ತೈಲವೆಲ್ಲ ಟ್ಯಾಂಕಿಗೆ ಮರಳುತ್ತದೆ. ಖಾಲಿ ಲಾರಿ ಓಡುತ್ತದೆ, ತುಂಬಿದ ಲಾರಿ ಎಳೆಯುವುದಿಲ್ಲ.

ಹಾಗೆಯೇ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಪಂಪಿನ ಲಿವರ್ ಕೊನೆಯ ತಡೆಯವರೆಗೆ ಹೋಗುತ್ತದೆಯೇ, ಎಂಜಿನ್ ನಿಲ್ಲಿಸುವ ಕೇಬಲ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ, ಟರ್ಬೊ ಇರುವ ಎಂಜಿನ್ನಿನಲ್ಲಿ ಪಂಪಿಗೆ ಗಾಳಿಯ ಒತ್ತಡ ತರುವ ಸಣ್ಣ ಪೈಪು ಕೂಡಿಸಲಾಗಿದೆಯೇ, ಎಕ್ಸಾಸ್ಟ್ ಬ್ರೇಕಿನ ಬಾಗಿಲು ಅರ್ಧ ಮುಚ್ಚಿ ಸಿಕ್ಕಿಕೊಂಡಿದೆಯೇ, ಏರ್ ಕ್ಲೀನರ್ ಧೂಳಿನಿಂದ ಕಟ್ಟಿದೆಯೇ ಎಂಬುದನ್ನು ನೋಡಬೇಕು. ಇವೆಲ್ಲವೂ ಅರ್ಧ ಗಂಟೆಯ ಕೆಲಸ. ‘ಪಂಪ್ ಮಾಡಿಸಿದರೂ ಪಿಕಪ್ ಇಲ್ಲ’ ಎಂಬ ದೂರಿಗೆ ಇವುಗಳಲ್ಲಿ ಯಾವುದೊಂದಾದರೂ ಕಾರಣವಾಗಬಹುದು.

ಮೂರನೆಯ ಪರೀಕ್ಷೆ: ಟೈಮಿಂಗ್

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಂದನೆಯ ಪಿಸ್ಟನ್ ಮೇಲಕ್ಕೆ ಎರಡು ಬಾರಿ ಬರುತ್ತದೆ. ಒಮ್ಮೆ ಗಾಳಿಯನ್ನು ಒತ್ತಲು, ಇನ್ನೊಮ್ಮೆ ಹೊಗೆಯನ್ನು ಹೊರದೂಡಲು. ಫ್ಲೈವೀಲಿನ ಗುರುತು ಎರಡು ಸಲವೂ ಕೂಡಿಬರುತ್ತದೆ. ತಪ್ಪು ಸರದಿಯಲ್ಲಿ ಪಂಪ್ ಕೂಡಿಸಿದರೆ ಎಷ್ಟು ಹೊತ್ತು ಸೆಲ್ಫ್ ಹೊಡೆದರೂ ಎಂಜಿನ್ ಚಾಲೂ ಆಗದು, ಬ್ಯಾಟರಿ ಮಾತ್ರ ಬೀಳುತ್ತದೆ. ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದನೆಯದರ ಎರಡೂ ವಾಲ್ವುಗಳು ಮುಚ್ಚಿದ್ದು, ಆರನೆಯದರ ವಾಲ್ವುಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತಿದ್ದರೆ ಅದು ಸರಿಯಾದ ಸರದಿ.

ಸರದಿ ಸರಿಯಿದ್ದರೂ ಕೆಲವು ಡಿಗ್ರಿಗಳ ವ್ಯತ್ಯಾಸ ಉಳಿಯಬಹುದು. ತೈಲ ತಡವಾಗಿ ಬಿದ್ದರೆ ಬಿಳಿ ಹೊಗೆ, ಸೈಲೆನ್ಸರಿನ ಅತಿ ಶಾಖ, ಎಳೆತದ ಕೊರತೆ ಕಾಣುತ್ತವೆ. ಬೇಗ ಬಿದ್ದರೆ ಎಂಜಿನ್ ಕಬ್ಬಿಣ ಬಡಿದಂತೆ ಗಟ್ಟಿ ಸದ್ದು ಮಾಡುತ್ತದೆ. ಕಪ್ಲಿಂಗಿನ ಗುರುತು ಕೂಡಿಸುವುದು ಆರಂಭ ಮಾತ್ರ. ಒಂದನೆಯ ಎಲಿಮೆಂಟಿನ ಡೆಲಿವರಿ ವಾಲ್ವ್ ತೆಗೆದು, ಬಾಗಿದ ಸಣ್ಣ ಪೈಪು ಜೋಡಿಸಿ, ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ ಡೀಸೆಲ್ಲಿನ ಧಾರೆ ಹನಿಗೆ ಇಳಿಯುವ ಬಿಂದುವನ್ನು ಗುರುತಿಸುವ ಪದ್ಧತಿ ಹೆಚ್ಚು ನಂಬಿಕೆಯದು. ಎಷ್ಟು ಡಿಗ್ರಿ ಇರಬೇಕೆಂಬುದನ್ನು ಆಯಾ ಎಂಜಿನ್ನಿನ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಇನ್ನೊಂದು ಲಾರಿಯ ಅಂಕಿ ಇಲ್ಲಿ ನಡೆಯದು.

ನಾಲ್ಕನೆಯ ಪರೀಕ್ಷೆ: ನೋಜಲ್ ಮತ್ತು ಹೊಗೆ

ಪಂಪ್ ಹೊಸದಾಗಿ ನೋಜಲ್ ಹಳೆಯದಾಗಿದ್ದರೆ ಅದು ಹೊಸ ಮೋಟಾರಿಗೆ ತೂತು ಬಿದ್ದ ಪೈಪ್‌ಲೈನ್ ಜೋಡಿಸಿದಂತೆ. ಪಂಪ್ ಅಳತೆಯಾಗಿ ಕೊಟ್ಟ ಡೀಸೆಲ್ ಮಂಜಿನಂತೆ ಸಿಂಪಡಿಸಲ್ಪಡದೆ ಹನಿ ಹನಿಯಾಗಿ ಬಿದ್ದರೆ ಉರಿ ಪೂರ್ಣವಾಗದು. ನೋಜಲ್ಲುಗಳನ್ನು ಕೈ ಪಂಪಿನ ಟೆಸ್ಟರಿನ ಮೇಲೆ ಪರೀಕ್ಷಿಸಿ ತೆರೆಯುವ ಒತ್ತಡ, ಸಿಂಪಡಣೆ, ಸೋರಿಕೆ ಈ ಮೂರನ್ನು ನೋಡಬೇಕು. ಪಂಪಿನೊಂದಿಗೆ ಆರೂ ನೋಜಲ್ಲುಗಳನ್ನು ಕಳುಹಿಸುವುದೇ ಲೇಸು.

ಯಾವ ಸಿಲಿಂಡರ್ ದುಡಿಯುತ್ತಿಲ್ಲವೆಂದು ತಿಳಿಯಲು, ಹಳೆಯ ಯಾಂತ್ರಿಕ ಪಂಪಿನ ಎಂಜಿನ್ನಿನಲ್ಲಿ, ಕಡಿಮೆ ವೇಗದಲ್ಲಿ ಒಂದೊಂದೇ ನೋಜಲ್ಲಿನ ಪೈಪಿನ ನಟ್ಟನ್ನು ಸಡಿಲಿಸಿ ನೋಡುತ್ತಾರೆ. ನಟ್ಟು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಆ ಸಿಲಿಂಡರ್ ದುಡಿಯುತ್ತಿತ್ತು. ಬದಲಾಗದಿದ್ದರೆ ದೋಷ ಅಲ್ಲಿದೆ.

ಹೊಗೆಯ ಬಣ್ಣವೂ ಸಾಕ್ಷಿ ನುಡಿಯುತ್ತದೆ. ಕಪ್ಪು ಹೊಗೆ ಎಂದರೆ ತೈಲ ಹೆಚ್ಚು ಅಥವಾ ಗಾಳಿ ಕಡಿಮೆ. ಬಿಳಿ ಹೊಗೆ ಎಂದರೆ ತೈಲ ಉರಿಯದೆ ಹೋಗುತ್ತಿದೆ. ತಡವಾದ ಟೈಮಿಂಗ್, ಕುಸಿದ ಕಂಪ್ರೆಷನ್ ಅಥವಾ ಇನ್ನೂ ಬಿಸಿಯೇರದ ಎಂಜಿನ್ ಇದಕ್ಕೆ ಕಾರಣ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ರಿಂಗು, ಲೈನರ್ ಸವೆದ ಎಂಜಿನ್ನಿಗೆ ಎಷ್ಟು ಬಾರಿ ಪಂಪ್ ಮಾಡಿಸಿದರೂ ನೀಲಿ ಹೊಗೆ ನಿಲ್ಲದು.

ಕೊನೆಯ ಮೆಟ್ಟಿಲು: ಮತ್ತೆ ಪಂಪ್

ಮೇಲಿನ ನಾಲ್ಕೂ ಪರೀಕ್ಷೆಗಳಲ್ಲಿ ದೋಷ ಸಿಗದಿದ್ದರೆ, ವಾಲ್ವಿನ ಸಂದು ಮತ್ತು ಕಂಪ್ರೆಷನ್ ಸರಿಯಿದ್ದರೆ, ಆಗ ಪಂಪನ್ನು ಪಂಪ್ ರೂಮಿಗೆ ಮರಳಿಸುವುದು ನ್ಯಾಯ. ಗಾಳಿಯಿಲ್ಲದಿದ್ದರೂ ಎಂಜಿನ್ನಿನ ವೇಗ ತಾನಾಗಿಯೇ ಏರಿಳಿಯುವುದು ಗವರ್ನರಿನ ಕಡೆಗೆ ಬೆರಳು ತೋರಿಸುತ್ತದೆ. ಎಂಜಿನ್ ಆಯಿಲಿನಿಂದಲೇ ಪಂಪಿಗೆ ಎಣ್ಣೆ ಸಿಗುವ ಲಾರಿಗಳಲ್ಲಿ ಇನ್ನೊಂದು ಗಂಭೀರ ಸೂಚನೆಯಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲಿನ ಮಟ್ಟ ಇಳಿಯುವ ಬದಲು ಏರುತ್ತ, ಡೀಸೆಲ್ ವಾಸನೆ ಬರುತ್ತಿದ್ದರೆ ಪಂಪಿನೊಳಗಿಂದ ಅಥವಾ ಫೀಡ್ ಪಂಪಿನಿಂದ ಡೀಸೆಲ್ ಸೋರಿ ಆಯಿಲಿಗೆ ಸೇರುತ್ತಿರುವ ಸಂಶಯ ಬಲವಾಗುತ್ತದೆ. ಅಂಥ ಲಾರಿಯನ್ನು ಒಂದು ಬಾಡಿಗೆಗೂ ಕಳುಹಿಸಬಾರದು. ತೆಳುವಾದ ಆಯಿಲಿನಲ್ಲಿ ಬೇರಿಂಗು ಹಿಡಿದರೆ ಪಂಪಿನ ಖರ್ಚು ಎಂಜಿನ್ನಿನ ಖರ್ಚಾಗುತ್ತದೆ.

ಜೀವದ ಎಚ್ಚರ

ಮೊದಲ ಬಾರಿಗೆ ಚಾಲೂ ಮಾಡುವಾಗ ಪಂಪಿನ ರ‍್ಯಾಕ್ ಸಿಕ್ಕಿಕೊಂಡಿದ್ದರೆ ಎಂಜಿನ್ ಹತೋಟಿ ಮೀರಿ ಓಡಬಹುದು. ನಿಲ್ಲಿಸುವ ಲಿವರಿನ ಬಳಿ ಒಬ್ಬರು ನಿಂತಿರಬೇಕು. ಗಾಳಿ ಸೇರುವ ಬಾಯಿಯನ್ನು ಮುಚ್ಚಲು ಗಟ್ಟಿಯಾದ ಹಲಗೆ ಕೈಗೆಟುಕುವಂತಿರಬೇಕು. ಅದನ್ನು ಅಂಗೈಯಿಂದ ಮುಚ್ಚಬಾರದು. ಒತ್ತಡದ ಡೀಸೆಲ್ ಧಾರೆಗೂ ಕೈಯೊಡ್ಡಬಾರದು. ಅದು ಸೂಜಿಯಂತೆ ಚರ್ಮವನ್ನು ತೂರುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ ಕಂಡರೂ ಕೈ ಕಳೆದುಕೊಳ್ಳುವ ಅಪಾಯವಿದೆ. ಹಾಗಾದಲ್ಲಿ ತಡಮಾಡದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ಹೇಳಿದ್ದು ಹಳೆಯ ಯಾಂತ್ರಿಕ ಪಂಪುಗಳಿಗೆ ಮಾತ್ರ ಅನ್ವಯ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡದ ಲಾರಿಗಳಲ್ಲಿ ಕಂಪ್ಯೂಟರ್ ನಿಯಂತ್ರಣದ ಕಾಮನ್ ರೈಲ್ ಪದ್ಧತಿಯಿದೆ. ಅವುಗಳ ಪೈಪನ್ನು ಎಂಜಿನ್ ಓಡುತ್ತಿರುವಾಗ ಸಡಿಲಿಸುವುದು ಪ್ರಾಣಾಪಾಯಕರ.

ಮಾಲೀಕರ ಲೆಕ್ಕ

ಲಾರಿ ನಿಂತಾಗಿನ ನಷ್ಟವನ್ನು ಬಹುಮಂದಿ ಬಿಲ್ಲಿನ ಮೊತ್ತದಿಂದ ಅಳೆಯುತ್ತಾರೆ. ಅದು ಪೂರ್ಣ ಲೆಕ್ಕವಲ್ಲ. ಸಾಲದ ಕಂತು, ಚಾಲಕರ ಸಂಬಳ, ವಿಮೆ, ತೆರಿಗೆ ಸೇರಿ ಲಾರಿಯೊಂದರ ಮಾಸಿಕ ಸ್ಥಿರ ವೆಚ್ಚ 70,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ತಿಂಗಳಿಗೆ 25 ದುಡಿಮೆಯ ದಿನಗಳೆಂದರೆ ದಿನಕ್ಕೆ 2,800 ರೂಪಾಯಿ. ಪಂಪ್ ಎರಡನೆಯ ಬಾರಿ ಹೋಗಿಬರಲು ಐದು ದಿನ ಹಿಡಿದರೆ 14,000 ರೂಪಾಯಿ ಬಿಲ್ಲಿಲ್ಲದೆಯೇ ಹೋಯಿತು. ಕೈತಪ್ಪಿದ ಬಾಡಿಗೆ, ಮಳೆಗೆ ಸಿಕ್ಕು ಕೊಳೆತ ಈರುಳ್ಳಿ ಇದರ ಮೇಲಿನ ಮಾತು.

ದೋಷವಿದ್ದಂತೆಯೇ ಓಡಿಸುವುದೂ ಉಳಿತಾಯವಲ್ಲ. ಲೀಟರಿಗೆ 4 ಕಿಲೋಮೀಟರ್ ಕೊಡುತ್ತಿದ್ದ ಲಾರಿ 3.5ಕ್ಕೆ ಇಳಿಯಿತೆನ್ನಿ. ತಿಂಗಳಿಗೆ 5,000 ಕಿಲೋಮೀಟರ್ ಓಟಕ್ಕೆ 1,250 ಲೀಟರಿನ ಬದಲು ಸುಮಾರು 1,429 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 16,000 ರೂಪಾಯಿಗೂ ಮೇಲ್ಪಟ್ಟು ಹೊಗೆಯಾಗಿ ಹೋಗುತ್ತದೆ. ಈ ನಷ್ಟ ಡೀಸೆಲ್ ಖಾತೆಯಲ್ಲಿ ಅಡಗಿರುವುದರಿಂದ ದುರಸ್ತಿ ಖಾತೆಯನ್ನಷ್ಟೇ ನೋಡುವವರಿಗೆ ಕಾಣದು. ಪ್ರತಿ ಲಾರಿಗೂ ಪ್ರತ್ಯೇಕ ಖಾತೆಯಿರಬೇಕೆಂದು ಲೆಕ್ಕಪರಿಶೋಧಕರು ಒತ್ತಾಯಿಸುವುದು ಇದಕ್ಕಾಗಿಯೇ.

ತೆರಿಗೆಯ ಕೆಲವು ಅಂಶಗಳು

ಇದ್ದ ಪಂಪನ್ನು ದುರಸ್ತಿ ಮಾಡಿಸಿದ ಖರ್ಚು ಸಾಮಾನ್ಯವಾಗಿ ಚಾಲ್ತಿ ದುರಸ್ತಿ ವೆಚ್ಚ. ಆಯಾ ವರ್ಷದ ಲಾಭದಿಂದ ಕಳೆಯಬಹುದು. ಆದರೆ ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕರು ವಾಹನಕ್ಕಿಷ್ಟೆಂದು ಅಂದಾಜು ಲಾಭ ತೋರಿಸುವ ಪದ್ಧತಿಯನ್ನು ಆಯ್ದುಕೊಂಡಿದ್ದರೆ, ದುರಸ್ತಿ ವೆಚ್ಚ ಪ್ರತ್ಯೇಕವಾಗಿ ಸಿಗದು. 1961ರ ಆದಾಯ ತೆರಿಗೆ ಕಾಯ್ದೆಯ 44ಎಇ ಕಲಮಿನ ಈ ಪದ್ಧತಿ, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿಯೂ ಇದೆ. ಅಂಥವರಿಗೆ ಎರಡನೆಯ ಪಂಪ್ ಬಿಲ್ಲು ಪೂರ್ತಿಯಾಗಿ ಕೈಯಿಂದಲೇ ಹೋಗುತ್ತದೆಂಬುದನ್ನು ಗಮನಿಸಬೇಕು.

ಲೆಕ್ಕ ಬರೆದು ಖರ್ಚು ಕಳೆಯುವವರು ಒಂದೇ ದಿನ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚು ಅಮಾನ್ಯವಾಗುತ್ತದೆ. ಆದ್ದರಿಂದ ಪಂಪ್ ರೂಮಿನ ಹಣ ಬ್ಯಾಂಕಿನ ಮೂಲಕ ಹೋಗಲಿ. ಸರಕು ವಾಹನದ ದುರಸ್ತಿಯ ಜಿಎಸ್‌ಟಿ ಮೇಲೆ, ಕಾರುಗಳಿಗಿರುವಂಥ ಇನ್‌ಪುಟ್ ತೆರಿಗೆ ಜಮೆಯ ನಿರ್ಬಂಧವಿಲ್ಲ. ಆದರೂ ರಾಜಿ ತೆರಿಗೆ ಪದ್ಧತಿಯವರಿಗೆ ಮತ್ತು ವಿನಾಯಿತಿಯ ಸರಕನ್ನಷ್ಟೇ ಮಾರುವವರಿಗೆ ಆ ಜಮೆ ದೊರೆಯದು. ಬಿಲ್ಲಿಲ್ಲದೆ ಅಗ್ಗವಾಗಿ ಮಾಡಿಸಿದ ಕೆಲಸಕ್ಕೆ ತೆರಿಗೆಯ ಅನುಕೂಲವೂ ಇಲ್ಲ, ತಕರಾರು ಬಂದಾಗ ಆಧಾರವೂ ಇಲ್ಲ.

ಒಂದು ಹಾಳೆಯ ದಾಖಲೆ

ಸದಸ್ಯರಿಗೆ ನನ್ನ ಸಲಹೆ ಇದು. ಪಂಪ್ ಇಳಿಸುವ ದಿನವೇ ಒಂದು ಹಾಳೆ ತೆರೆಯಿರಿ. ಲಾರಿಯ ಓಟದ ಅಂಕಿ, ಇಳಿಸುವ ಮೊದಲಿನ ದೋಷ, ಆಗಿನ ಸರಾಸರಿ ಮೈಲೇಜು, ಪಂಪಿನ ಸಂಖ್ಯೆ ಇವನ್ನು ಬರೆಯಿರಿ. ಮರಳಿ ಕೂಡಿಸಿದ ಮೇಲೆ ಯಾವ ಪರೀಕ್ಷೆ, ಯಾವ ತಾರೀಖು, ಏನು ಕಂಡಿತು, ಏನು ಬದಲಿಸಲಾಯಿತು ಎಂದು ಸಾಲು ಸಾಲಾಗಿ ದಾಖಲಿಸಿರಿ. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಟೈಮಿಂಗ್, ನೋಜಲ್, ಫಿಲ್ಟರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಲಾರಿ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯದು; ಮುಂದಿನ ಬಾರಿ ಮೂರಕ್ಕೂ ಹಣ ತೆರಬೇಕಾಗುತ್ತದೆ.

ಬೆಂಚಿನ ವರದಿ ಮತ್ತು ಈ ಹಾಳೆ ಎರಡೂ ಮುಂದಿದ್ದರೆ ಮಿಸ್ತ್ರಿಯವರೂ ಪಂಪ್ ರೂಮಿನವರೂ ವಾದಿಸುವುದಕ್ಕಿಂತ ಕೆಲಸದ ಮಾತಾಡುತ್ತಾರೆ. ಇಬ್ಬರೂ ನಮಗೆ ಬೇಕಾದವರೇ; ಅವರ ಮೇಲೆ ಅಪನಂಬಿಕೆ ತೋರಿಸುವುದು ಇದರ ಉದ್ದೇಶವಲ್ಲ. ವ್ಯವಹಾರದಲ್ಲಿ ಬಾಯಿಮಾತಿಗಿಂತ ಬರಹ ಮೇಲೆಂಬುದನ್ನು ನಾವು ಅಂಗಡಿಯ ಗಾದಿಯ ಮೇಲೆ ಪಾಲಿಸುತ್ತೇವೆ. ಅದೇ ನಿಯಮ ಗ್ಯಾರೇಜಿನ ಅಂಗಳಕ್ಕೂ ಸಲ್ಲಬೇಕು. ಸುಗ್ಗಿಗೆ ಇನ್ನೂ ಸಮಯವಿರುವಾಗಲೇ ತಮ್ಮ ಲಾರಿಗಳ ಹಾಳೆಗಳನ್ನು ತೆರೆದಿಟ್ಟುಕೊಂಡವರಿಗೆ, ಮಾಲು ಚೀಲ ಸೇರಿ ಬಾಗಿಲಿಗೆ ಬಂದ ದಿನ ಲಾರಿಯ ಚಿಂತೆ ಇರಲಾರದು.